ಹಸನಸಾಬರ ಟೆಂಪೋಕ್ಕೆ ನಾನು ಹಾಕಿದ ಜಾಮೀನು

ವಿಶಾಖಪಟ್ಟಣಕ್ಕೆ ಬಂದು ಇನ್ನೂ ತಿಂಗಳಾಗಿರಲಿಲ್ಲ, ಗುರುತು ಪರಿಚಯವಿಲ್ಲದ ಅಧಿಕಾರಿಯೊಬ್ಬರು ಎದುರು ಕೂರಿಸಿಕೊಂಡು, "ನಿಮಗೆ ಸಾಲ ಎಷ್ಟಿದೆ?" ಎಂದು ಹಿಂದಿಯಲ್ಲಿ ಕೇಳಿಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ನಮ್ಮ ಸವದತ್ತಿ ಕಡೆ ಹೆಣ್ಣು ಕೊಡಲು ಬಂದವರೂ ಇದನ್ನು ಮುಖದ ಮೇಲೆ ಕೇಳುವುದಿಲ್ಲ. ಮಳೆ, ಬೆಳೆ ಎಲ್ಲ ಮಾತಾಡಿ, ಚಹಾ ಕುಡಿದು, ಆಮೇಲೆ ಮೆಲ್ಲಗೆ ತೆಗೆಯುತ್ತಾರೆ.

ತೊಂಬತ್ತರ ದಶಕದ ಕೊನೆಯ ಮಾತಿದು. ಊರಲ್ಲಿ ಕಾಲುವೆ ನಕ್ಷೆ ಬರೆಯುತ್ತಿದ್ದ ನಾನು ಆ ಕೆಲಸ ಬಿಟ್ಟು, ಸರಕಾರಿ ಹಡಗುಗಳ ನಕ್ಷೆ ಬರೆಯಲು ಇಲ್ಲಿ ಸೇರಿದ್ದೆ. ಅವು ಗುಟ್ಟಿನ ನಕ್ಷೆಗಳು. ನಾನು ನಂಬಿಕೆಗೆ ಯೋಗ್ಯಳೆಂದು ತನಿಖೆಯಲ್ಲಿ ಗೊತ್ತಾಗುವವರೆಗೆ ನೌಕರಿ ಖಾಯಂ ಅಲ್ಲ.

ಅರ್ಜಿಯಲ್ಲಿ ಸಾಲ 'ಇಲ್ಲ' ಎಂದು ಬರೆದಿದ್ದೆ. ಅಧಿಕಾರಿ ನಮ್ಮೂರ ಸೊಸೈಟಿಯ ನೋಟೀಸು ಮುಂದೆ ಸರಿಸಿದರು. ನೆರೆಮನೆಯ ಹಸನಸಾಬರು ಟೆಂಪೋಕ್ಕೆ ಸಾಲ ತೆಗೆದಾಗ ನಾನು ಜಾಮೀನು ಹಾಕಿದ್ದೆ; ಈಗ ಕಂತು ನಿಂತಿತ್ತು. ನಮ್ಮಲ್ಲಿ ಜಾಮೀನನ್ನು ಸಾಲವೆಂದು ಯಾರು ತಿಳಿಯುತ್ತಾರೆ? ನೆರೆಯವರು ಕರೆದರೆ ಹೋಗಿ ಸಹಿ ಹಾಕಿ ಬರುವುದು, ಅಷ್ಟೇ.

"ಸಾಲದಲ್ಲಿ ಸಿಕ್ಕವರನ್ನು ದುಡ್ಡಿನ ಆಸೆ ತೋರಿಸಿ ಬಗ್ಗಿಸಬಹುದು," ಎಂದರು ಅವರು. "ಸಾಲ ಇದ್ದರೆ ದಾರಿ ಇದೆ. ಮುಚ್ಚಿಟ್ಟರೆ ಕಷ್ಟ. ತಿಂಗಳೊಳಗೆ ಇದನ್ನು ಬಗೆಹರಿಸಿ."

ಒಂದು ಟೆಂಪೋದ ಸಲುವಾಗಿ ನಾನು ಹಡಗು ಮಾರುತ್ತೇನೆಯೇ! ಹೀಗೆಂದುಕೊಳ್ಳುತ್ತ ನೋಟೀಸಿನ ನಂಬರು ಬರೆದುಕೊಂಡು ಎದ್ದೆ.

ಬಾಡಿಗೆ ಮನೆಗೆ ಬಂದು ಅತ್ತುಬಿಟ್ಟೆ. ಮನೆ ಮಾಲಕಿ ರತ್ನಮ್ಮ ಅನ್ನ, ಗೋಂಗೂರ ಚಟ್ನಿ ತಂದಿಟ್ಟು "ಪರವಾಲೇದು" ಎಂದರು. ಅಡ್ಡಿಯಿಲ್ಲ ಎಂದರ್ಥ. ಗೋಂಗೂರವೆಂದರೆ ನಮ್ಮ ಪುಂಡಿಪಲ್ಯವೇ; ಖಾರ ಮಾತ್ರ ಇನ್ನೂ ಜೋರು. ಆ ತಾಯಿ ಅಂದು ಉಣ್ಣಿಸದಿದ್ದರೆ ನಾನು ಗಂಟು ಕಟ್ಟಿ ಊರಿಗೆ ಹೊರಡುತ್ತಿದ್ದೆ.

ಮರುದಿನ ಹಸನಸಾಬರಿಗೆ ಫೋನ್ ಹಚ್ಚಿದೆ.

"ಅಕ್ಕಾರ, ಇಂಜಿನ್ ಕೆಟ್ಟು ಮೂರು ತಿಂಗಳಾತ್ರಿ. ನಿಮಗ ಹೇಳಾಕ ನಾಚಿಕಿ ಆತು," ಎಂದರು. ನನ್ನ ಕಥೆ ಕೇಳಿದವರೇ ಅಂದರು: "ನಿಮ್ಮ ನೌಕರಿ ಹೋದ್ರ ನಿಮ್ಮ ಅವ್ವಾರಿಗೆ ನಾ ಹ್ಯಾಂಗ ಮಾರಿ ತೋರಿಸ್ಲಿ? ಗಾಡಿ ಮಾರತೇನಿ ಬಿಡ್ರಿ."

ಮಾರಬೇಡಿ ಎನ್ನಬೇಕಿತ್ತು. ಎನ್ನಲಿಲ್ಲ. ಹೊಟ್ಟೆಪಾಡಿನ ಆಸೆ, ಸುಳ್ಳೇಕೆ ಹೇಳಲಿ.

ಮೂರು ವಾರಕ್ಕೆ, ಸಾಲ ಪೂರ್ತಿ ತೀರಿತೆಂಬ ಸೊಸೈಟಿಯ ಬೇಬಾಕಿ ಪತ್ರ ರಿಜಿಸ್ಟರ್ ಅಂಚೆಯಲ್ಲಿ ಬಂತು. ನೌಕರಿ ಉಳಿಯಿತು. ಇಂದಿಗೂ ನಾನು ಉಣ್ಣುವ ಅನ್ನದಲ್ಲಿ ಹಸನಸಾಬರ ಋಣವಿದೆ.

ಮುಂದಿನ ವರ್ಷ ರಜೆಗೆ ಹೋದಾಗ ಅವರು ಬೇರೆಯವರ ಟೆಂಪೋ ಓಡಿಸುತ್ತಿದ್ದರು. ನನ್ನನ್ನು ಕೂರಿಸಿಕೊಂಡರು, ಬಾಡಿಗೆ ಮುಟ್ಟಲಿಲ್ಲ.

"ಹಸನಸಾಬರ, ಅವತ್ತ ನಾ ಬ್ಯಾಡ ಅನಬೇಕಿತ್ತು," ಎಂದೆ.

"ಏ, ಅದನ್ನ ಬಿಡ್ರಿ ಅಕ್ಕಾರ," ಎಂದು ನಕ್ಕರು. "ಇನ್ನೊಂದು ಗಾಡಿ ನೋಡಿಟ್ಟೇನಿ. ಜಾಮೀನು ನೀವ ಹಾಕಬೇಕ್ರಿ. ಈ ಸಲ ಸಾಹೇಬ್ರಿಗೆ ಮೊದಲ ಹೇಳಿ ಹಾಕ್ರಿ ಮತ್ತ!"

ರಜೆ ಮುಗಿಸಿ ಬಂದವಳೇ ಕಚೇರಿಗೆ ಎಲ್ಲವನ್ನೂ ಬರೆದುಕೊಟ್ಟೆ. ಬರೆದ ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡಿದೆ. ಅಡ್ಡಿಯಿಲ್ಲವೆಂದು ಅವರು ತಿಳಿಸಿದ ಮೇಲೆ, ಊರಿಂದ ಬಂದ ಜಾಮೀನು ಪತ್ರಕ್ಕೆ ಸಹಿ ಹಾಕಿದೆ. ಅದನ್ನು ಓದಿಯೂ ನೋಡಲಿಲ್ಲ. ಸಹಿ ಹಾಕುವ ಕೈ ಇನ್ನೂ ಸವದತ್ತಿಯದು.