ಉಪ್ಪಾಗೆ ಹಣ್ಣಾಗುವ ತನಕ

ನಾವುಂದದ ಕಡಲ ಬದಿಯಿಂದ ಯಡ್ತರೆಗೆ ಮದುವೆಯಾಗಿ ಬಂದ ಮೊದಲ ಮಳೆಗಾಲ, ಮನೆಯ ಹಿಂದಿನ ಹಾಡಿಗೆ, ಊರವರೆಲ್ಲ ಬಳಸುವ ಆ ಸಣ್ಣ ಕಾಡಿಗೆ, ಸಾರಿನ ಹುಳಿಗೆಂದು ಉಪ್ಪಾಗೆ ತರಲು ಹೋಗಿದ್ದೆ. ಕಾಯಿ ಇನ್ನೂ ಹಸಿರು. ಜನ ಕತ್ತಿ ಹಿಡಿದು ಕೊಂಬೆಗಳನ್ನೇ ಕಡಿದು ಕೆಡವುತ್ತಿದ್ದರು. ಯಾಕೆ ಎಂದು ಕೇಳಿದರೆ ಎಲ್ಲರದ್ದೂ ಒಂದೇ ಉತ್ತರ: ನಾನು ಬಿಟ್ಟರೆ ಇನ್ನೊಬ್ಬರು ಕೊಯ್ಯುತ್ತಾರೆ. ಎಳೆಕಾಯಿಯ ಸಿಪ್ಪೆ ಒಲೆಯ ಮೇಲೆ ಒಣಗಿಸಿದರೆ ಸುರುಟಿ ಅರ್ಧಕ್ಕರ್ಧವಾಗುತ್ತದೆ, ಮೀನಿನ ಸಾರಿಗೆ ಸರಿಯಾಗಿ ಹುಳಿಯೂ ಹಿಡಿಯುವುದಿಲ್ಲ. ಬೀಜ ಬಲಿಯದೆ ಮರದ ಕೆಳಗೆ ಒಂದೇ ಒಂದು ಸಸಿ ಇರಲಿಲ್ಲ.

ನಾನು ಬಾಯಿ ಮುಚ್ಚಿ ಕೂರುವ ಪೈಕಿ ಅಲ್ಲ. ಆದರೂ ಐದಾರು ವರ್ಷ ಸಹಿಸಿದೆ. ಕೊನೆಗೊಂದು ಸಲ, ಮಳೆ ಹಿಡಿಯುವ ಮೊದಲೇ ಕೇರಿಯ ಹೆಂಗಸರನ್ನು ಅಂಗಳದಲ್ಲಿ ಸೇರಿಸಿದೆ.

"ಮೀನ್ ಮೊಟ್ಟಿ ಇಡು ಕಾಲದಗೆ ನಮ್ಮಪ್ಪಯ್ಯ ದೋಣಿ ಎಳ್ದ್ ದಡಕ್ಕೆ ಹಾಕ್ತಿದ್ರ್. ಕಡ್ಲಿಗೆ ರಜೆ ಇತ್ತ್, ಮರಕ್ಕೆ ಎಂತಕ್ಕಿಲ್ಲೆ?"

ಪಕ್ಕದ ಮನೆಯ ಅಜ್ಜಿ ನಕ್ಕರು. "ಹ್ವಾಯ್, ಕಡ್ಲ್ ಬದಿಯರಿಗೆ ಮರದ್ದ್ ಎಂತ ಗೊತ್ತಿತ್ತ್?"

ನಕ್ಕರೂ ಒಪ್ಪಿದರು. ಮೊದಲ ಹಣ್ಣು ತಾನಾಗಿ ಬೀಳುವ ತನಕ ಯಾರೂ ಮುಟ್ಟಬಾರದು, ಕೊಂಬೆ ಕಡಿಯಲೇಬಾರದು. ಒಬ್ಬರು ತಪ್ಪಿದರೂ ಎಲ್ಲರೂ ಮತ್ತೆ ಕತ್ತಿ ಹಿಡಿದು ಹಾಡಿಗೆ ಹೋಗುವುದೇ ಎಂದು ಹೇಳಿಯೇ ಹೋದರು.

ತಪ್ಪಿದ್ದು ನನ್ನ ಗಂಡ! ಒಂದು ಮಧ್ಯಾಹ್ನ ಚೀಲ ತುಂಬ ಹಸಿರು ಕಾಯಿ ತಂದು ಜಗಲಿಯಲ್ಲಿಟ್ಟರು.

"ಯಾರೋ ಕೊಯ್ದ್ರ್ ಅಂದ್ರ್ ಮಾರಾಯ್ತಿ. ನಮ್ಗ್ ಮಾತ್ರ ಇಲ್ದೆ ಹೋತ್ತಲ್ಲ ಅಂತ..."

ಯಾರೂ ಕೊಯ್ದಿರಲಿಲ್ಲ, ಬರೀ ಗಾಳಿಮಾತು. ನನಗೆ ಮೈಯೆಲ್ಲ ಉರಿಯಿತು. ಸುಳ್ಳು ಹೇಳುವುದಿಲ್ಲ, ಚೀಲವನ್ನು ಅಟ್ಟಕ್ಕೆ ತಳ್ಳಿಬಿಡೋಣ ಅಂತಲೂ ಒಮ್ಮೆ ಅನಿಸಿತು. ಆಮೇಲೆ ಅದನ್ನು ಹೊರಲಾಗದೆ ಎಳೆದುಕೊಂಡೇ ಅಜ್ಜಿಯ ಅಂಗಳಕ್ಕೆ ಹೋದೆ. ಹೆಂಗಸರೆಲ್ಲ ಬಂದು ಸುತ್ತ ನಿಂತರು.

"ತಪ್ಪಿದ್ದ್ ನಮ್ಮನಿಯರೇ. ಇನ್ ನಿಮ್ಗ್ ಬಿಟ್ಟದ್ದ್," ಎಂದೆ. ಅವರು ಹಾಡಿಗೆ ಹೊರಟರೆ ತಡೆಯಲು ನನಗೆ ಬಾಯಿಯೇ ಇರಲಿಲ್ಲ.

ಅಜ್ಜಿ ಒಂದು ಕಾಯಿ ಎತ್ತಿ ಉಗುರಿನಿಂದ ಕೆರೆದು ನೋಡಿದರು. "ಈ ಎಳಿಕಾಯಿ ನೀವೇ ತಿನ್ನಿ. ಉಳ್ದದ್ದ್ ಹಣ್ಣಾಯ್ಲಿ, ಕಾಂಬ."

ಹೆಂಗಸರು ಹಾಡಿಯ ಕಡೆ ತಿರುಗದೆ ಒಬ್ಬೊಬ್ಬರೇ ಮನೆಗೆ ಹೋದರು. ಆ ಮಳೆಗಾಲ ಹಾಡಿಯಲ್ಲಿ ಉಪ್ಪಾಗೆ ಹಳದಿಗಟ್ಟಿ ಉದುರಿತು. ಸಿಪ್ಪೆ ಬಿಡಿಸಿಕೊಂಡು ಒಂದಷ್ಟು ಬೀಜವನ್ನು ಹಾಡಿಯಲ್ಲೇ ಎರಚಿ ಬಂದೆವು. ಈಗ ಅಲ್ಲಿ ಮೊಣಕಾಲೆತ್ತರದ ಸಸಿಗಳಿವೆ, ಬಂದ ನೆಂಟರನ್ನೆಲ್ಲ ಕರೆದುಕೊಂಡು ಹೋಗಿ ತೋರಿಸುತ್ತೇನೆ.

ಅದೇ ಮಳೆಗಾಲ, ಹಣ್ಣು ಬೀಳುವುದಕ್ಕೆ ಕೆಲವು ದಿನ ಮೊದಲು ಹೊರಗಿನ ವ್ಯಾಪಾರಿಗಳ ಟೆಂಪೋ ಒಂದು ಬಂದಿತ್ತು. ಹಸಿಕಾಯಿಯೇ ಸಾಕು, ಈಗಲೇ ತೆಗೆದುಕೊಳ್ಳುತ್ತೇವೆ ಎಂದರಂತೆ. ನಾನು ಒಳಗೆ ಅಕ್ಕಿ ತೊಳೆಯುತ್ತಿದ್ದೆ. ರಸ್ತೆಯಿಂದ ನನ್ನ ಗಂಡನ ದನಿ ಕೇಳಿಸಿತು:

"ಹಣ್ಣ್ ಬೀಳ್ದೆ ಇಲ್ಲಿ ಒಂದ್ ಕಾಯಿ ಮುಟ್ಟುಕಿಲ್ಲೆ!"

ಮದುವೆಯಾದ ಮೇಲೆ ಅವರ ಬಗ್ಗೆ ಅಷ್ಟು ಹೆಮ್ಮೆ ಅನಿಸಿದ್ದು ಅದೇ ಮೊದಲು. ಅವರಿಗೆ ಮಾತ್ರ ಇನ್ನೂ ಹೇಳಿಲ್ಲ.