ಎರಡು ಫೋನು, ಒಂದೇ ನಂಬರು

ಬೋರಯ್ಯನಿಗೆ ಹೆಂಡತಿಯೆಂದರೆ ಜೀವ. ಎರಡು ಸಾವಿರದ ನಾಲ್ಕರ ಮಾತು. ಸಾನಮಾವಿನ ಕಾಡಂಚಿನ ರಾಗಿ ಹೊಲದಲ್ಲಿ ಹನುಮಕ್ಕನೊಬ್ಬಳೇ ಕಾವಲಿರುವಾಗ ಇವನು ಹೊಸೂರಿನ ಕಾರ್ಖಾನೆಯ ಗೇಟು ಕಾಯಬೇಕು. ಮನೆಗಿದ್ದ ಒಂದೇ ಮೊಬೈಲು ಅವಳ ಮಡಿಲಲ್ಲಿರುತ್ತಿತ್ತು. ಆನೆ ಇಳಿದರೆ ಅರಣ್ಯದ ವಾಚರ್ ಚಿನ್ನಸ್ವಾಮಿ ಆ ನಂಬರಿಗೆ ಫೋನ್ ಮಾಡುತ್ತಿದ್ದ, ಅವಳು ಊರ ಕಡೆ ಓಡುತ್ತಿದ್ದಳು. ಹಾಗೆ ಓಡಿಯೇ ಒಮ್ಮೆ ಜೀವ ಉಳಿಸಿಕೊಂಡಿದ್ದಳು.

ಅಷ್ಟಕ್ಕೆ ಸುಮ್ಮನಿರಬಾರದಿತ್ತೇ ಈ ಮನುಷ್ಯ? ಇಲ್ಲ, ಸುದ್ದಿ ತನಗೂ ತಿಳಿಯಬೇಕು. ಕಾರ್ಖಾನೆಯಲ್ಲಿ ಆಫೀಸಿನ ಫೋನು ರಿಂಗಾದರೆ ಗೇಟಿನದೂ ರಿಂಗಾಗುತ್ತಿತ್ತು. ಮೊಬೈಲಿಗೂ ಹಾಗೇ ಮಾಡಿಕೊಡೆಂದು, ಮೊಬೈಲ್ ಅಂಗಡಿಯಲ್ಲಿದ್ದ ಅಕ್ಕನ ಮಗ ವೆಂಕಿಯ ಬೆನ್ನು ಬಿದ್ದ. ಗಾಳಿಯಲ್ಲಿ ಹೋಗುವ ಮಾತು ಕಂಡಕಂಡವರಿಗೆ ಕೇಳಿಸದಂತೆ ಕಂಪನಿಯವರು ಬೀಗ ಹಾಕಿರುತ್ತಾರೆ ಎಂದ ವೆಂಕಿ. ಆದರೆ ಬೀಗದ ಕೈ ಸಿಮ್ಮಿನೊಳಗೇ ಇರುತ್ತದೆ, ಇಂಥ ಹಳೇ ಸಿಮ್ಮಾದರೆ ಕಂಪ್ಯೂಟರಿಗೆ ಸಿಕ್ಕಿಸಿ ಅದನ್ನು ತೆಗೆದು ಬೇರೆ ಸಿಮ್ಮಿಗೆ ಹಾಕಬಹುದು ಎಂದೂ ಬಾಯಿಬಿಟ್ಟ. ಮಾವ ಬಿಟ್ಟಾನೆಯೇ? ಅದೇ ನಂಬರಿನ ಇನ್ನೊಂದು ಸಿಮ್ಮು ತಯಾರಾಯಿತು, ಅದನ್ನು ಹಾಕಿಕೊಳ್ಳಲು ಅಂಗಡಿಯದೇ ಒಂದು ಹಳೇ ಮೊಬೈಲೂ ಸಿಕ್ಕಿತು. ಅಂಗಡಿಯಲ್ಲೇ ಕರೆ ಮಾಡಿ ನೋಡಿದರು, ರಿಂಗಾಯಿತು. ಎರಡನ್ನೂ ಒಟ್ಟಿಗೆ ಆನ್ ಮಾಡಿ ನೋಡುವ ಬುದ್ಧಿ ಇಬ್ಬರಿಗೂ ಬರಲಿಲ್ಲ. ಆ ಕಾಲದ ನೆಟ್‌ವರ್ಕಿಗೆ ಒಂದು ನಂಬರೆಂದರೆ ಒಂದೇ ಫೋನು. ಯಾವುದು ಕೊನೆಗೆ ಆನ್ ಆಯಿತೋ ಕರೆ ಅದಕ್ಕೇ ಹೋಗುತ್ತಿತ್ತು.

ಡ್ಯೂಟಿಯಲ್ಲಿ ಮೊಬೈಲು ಆಫ್ ಮಾಡಿಡಬೇಕೆಂದು ಕಾರ್ಖಾನೆಯವರು ಹೇಳಿದ್ದರಿಂದ ಕೆಲವು ದಿನ ಏನೂ ಆಗಲಿಲ್ಲ. ಆವತ್ತು ಸಂಜೆ ಮಾತ್ರ, ಸಾನಮಾವಿಗೆ ಆನೆ ಬಂದಿದೆಯೆಂದು ಯಾರೋ ಅಂದದ್ದು ಕೇಳಿ, ಜೀವ ತಡೆಯದೆ ಕದ್ದು ಆನ್ ಮಾಡಿದ. ಸ್ವಲ್ಪ ಹೊತ್ತಿಗೇ ರಿಂಗಾಯಿತು. ಎತ್ತಿದ.

"ಅಕ್ಕಾ, ಸಲಗ ನಿಮ್ಮೊಲದ ಕಡೀಕೇ ಬತ್ತೈತೆ, ಓಡು," ಎಂದು ಒಂದೇ ಉಸಿರಿಗೆ ಹೇಳಿ ಚಿನ್ನಸ್ವಾಮಿ ಫೋನಿಟ್ಟ.

ಅವಳಿಗೂ ಕೇಳಿಸಿರುತ್ತೆ ಅಂದುಕೊಂಡ ಬೋರಯ್ಯ. ಆದರೂ ಮನಸ್ಸು ಕೇಳದೆ ಅದೇ ಮೊಬೈಲಿನಿಂದ ಅವಳ ನಂಬರು ಒತ್ತಿದ. ಬಿಜಿ. ಮತ್ತೆ ಒತ್ತಿದ, ಮತ್ತೂ ಬಿಜಿ. ಚಿನ್ನಸ್ವಾಮಿಗೆ ಮಾಡಿದರೆ ಅವನು ಅಷ್ಟರಲ್ಲೇ ಟವರ್ ಸಿಗದ ಕಾಡಿನೊಳಗೆ ಹೋಗಿಬಿಟ್ಟಿದ್ದ. ಗೇಟಿನ ಫೋನಿಗೆ ಓಡಿ ಅದರಿಂದ ಹೆಂಡತಿಗೆ ಮಾಡಿದ. ಸದ್ಯ, ರಿಂಗಾಯಿತು. ಅವನ ಕೈಯಲ್ಲಿದ್ದ ಮೊಬೈಲೂ ರಿಂಗಾಯಿತು. ಅದನ್ನು ಎತ್ತಿ "ಹನುಮೀ" ಅಂದ. ಗೇಟಿನ ಫೋನಿನಲ್ಲಿ ಅವನದೇ ದನಿ ಕೇಳಿಸಿತು.

ಯಾರದೋ ಬೈಕು ಹತ್ತಿ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹನುಮಕ್ಕ ಹೊಲದ ಬದುವಿನ ಮೇಲೆ ಬಿದ್ದಿದ್ದಳು. ಅವಳ ಫೋನು ಆನ್ ಆಗಿಯೇ ಇತ್ತು.

ಮಣ್ಣು ಮಾಡಿ ಬಂದ ಮೇಲೆ ಚಿನ್ನಸ್ವಾಮಿ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ತುಂಬಾ ಹೊತ್ತು ಅತ್ತ.

"ಫೋನ್ ಎತ್ತಿದ್ಲಲ್ಲಣ್ಣಾ," ಅಂದ. "ಎತ್ತಿದ್ಮೇಲೂ ಯಾಕೆ ಓಡ್ಲಿಲ್ಲ?"

"ಎತ್ತಿದ್ದು ನಾನು ಕಣಪ್ಪಾ," ಅಂದ ಬೋರಯ್ಯ.