ಸತುವಿನ ತೊಟ್ಟಿಯ ಮೇಲೆ ತೂಗಿದ ಚಾಸಿ

೨೦೧೮ರಲ್ಲಿ ನಾನು ದುಬೈಯ ಅಲ್ ಕೂಜ್‌ನಲ್ಲಿ, ಹಳೆಯ ವಾಹನಗಳನ್ನು ಬಿಚ್ಚಿ ಮೊದಲಿನ ರೂಪಕ್ಕೆ ತರುವ ಗ್ಯಾರೇಜೊಂದರಲ್ಲಿ ಫಿನಿಶಿಂಗ್ ಸೂಪರ್‌ವೈಸರ್ ಆಗಿದ್ದೆ. ಯಾವ ಭಾಗಕ್ಕೆ ಯಾವ ಬಣ್ಣ, ಯಾವ ಲೇಪ ಎಂದು ತೀರ್ಮಾನಿಸುವುದು ನನ್ನ ಕೆಲಸ. ಬಣ್ಣ ಬಳಿಯುವುದರಲ್ಲಿ ಯಾರ ಜೀವ ಹೋಗುತ್ತದೆ ಎಂದು ನಗುವವರಿಗೆ ಈ ಒಂದು ಪ್ರಸಂಗವನ್ನು ಹೇಳುತ್ತೇನೆ.

ಗಾಡಿ ಇಸ್ಮಾಯಿಲಾಕನದು. ಉಳ್ಳಾಲದ ಕಡೆಯ ಬ್ಯಾರಿ, ಅಲ್ ಮುರಕ್ಕಬಾತ್‌ನಲ್ಲಿ ಅತ್ತರಿನ ಅಂಗಡಿ. ಅವರ ತಂದೆ ಇಲ್ಲಿ ವೆಲ್ಡರ್ ಆಗಿ ದುಡಿದವರು. ಸಾಮಾನು ಹೇರಿಕೊಂಡು ಓಡಾಡುತ್ತಿದ್ದ ಆ ಪಿಕಪ್ಪನ್ನೇ ಮಗನಿಗೆ ಬಿಟ್ಟುಹೋಗಿದ್ದರು. ಮೇಲಿನ ಬಾಡಿ ಎತ್ತಿದಾಗ ಅಡಿಯ ಚಾಸಿ, ಅಂದರೆ ಇಡೀ ಗಾಡಿಯ ಭಾರ ಹೊರುವ ಕಬ್ಬಿಣದ ಚೌಕಟ್ಟು, ಅಲ್ಲಲ್ಲಿ ತುಕ್ಕು ತಿಂದು ಜರ್ಜರಿತವಾಗಿತ್ತು. ಎಡಗಡೆ ಒಂದು ಕಡೆ ತಂದೆ ತಮ್ಮ ಕೈಯಾರೆ ಅಂಗೈಯಗಲದ ಕಬ್ಬಿಣದ ಪಟ್ಟಿಯೊಂದನ್ನಿಟ್ಟು ಅದರ ಅಂಚಿನ ಸುತ್ತಲೂ ಬೆಸೆದಿದ್ದರು. ಇಸ್ಮಾಯಿಲಾಕ ಅದರ ಮೇಲೆ ಬೆರಳಾಡಿಸಿ, "ಇದು ಬಾಪನ ಕೈ" ಎಂದರು.

ಲೇಪಕ್ಕೆ ಮೂರು ದಾರಿಗಳಿದ್ದವು. ಪೌಡರ್ ಕೋಟಿಂಗ್ ನೋಡಲು ಚೆಂದ, ಆದರೆ ಕಲ್ಲು ತಾಗಿ ಎಲ್ಲಾದರೂ ಸೀಳಿದರೆ ಅದರಡಿಯಲ್ಲೇ ತುಕ್ಕು ಹಬ್ಬುತ್ತದೆ. ಮೇಲೆ ಥಳಕು, ಒಳಗೆ ಹುಳುಕು. ಎಪಾಕ್ಸಿ ಬಣ್ಣ ಸಾಧಾರಣ, ಆದರೆ ಹಾಳಾದಲ್ಲಿ ಮತ್ತೆ ಬಳಿಯಬಹುದು. ಮೂರನೆಯದು ಗ್ಯಾಲ್ವನೈಸಿಂಗ್: ಸುಮಾರು ೪೫೦ ಡಿಗ್ರಿಯಲ್ಲಿ ಕರಗಿದ ಸತುವಿನಲ್ಲಿ ಇಡೀ ಚಾಸಿಯನ್ನು ಮುಳುಗಿಸುವುದು. ನಾನು ಎಪಾಕ್ಸಿ ಸಾಕೆಂದೆ. ಅವರಿಗೆ ಸತುವೇ ಬೇಕಾಗಿತ್ತು.

"ನನ್ನ ಮೊಮ್ಮಕ್ಕಳ ಕಾಲಕ್ಕೂ ತುಕ್ಕು ಹಿಡೀಬಾರ್ದು ನೋಡಿ" ಎಂದರು.

"ಹಾಗಾದ್ರೆ ಪಟ್ಟಿಗೆ ಎರಡು ತೂತು ಕೊರೀಬೇಕಾಗ್ತದೆ ಇಸ್ಮಾಯಿಲಾಕ."

ಅವರ ಮುಖ ಕಪ್ಪಿಟ್ಟಿತು. ನಾನು ಬಿಡಿಸಿ ಹೇಳಿದೆ. ಪಟ್ಟಿಗೂ ಚಾಸಿಗೂ ನಡುವೆ ಮುಚ್ಚಿದ ಪೊಳ್ಳಿದೆ. ಸತುವಿಗೆ ಮೊದಲು ಆಸಿಡ್ಡಿನಲ್ಲೂ ನೀರಿನಲ್ಲೂ ಅದ್ದುತ್ತಾರೆ. ಹಳೆಯ ಬೆಸುಗೆಯ ಸೂಜಿಮೊನೆಯಷ್ಟು ಬಿರುಕಿನಿಂದಲೂ ನೀರು ಒಳಸೇರುತ್ತದೆ. ಆಮೇಲೆ ಸತುವಿಗಿಳಿಸಿದರೆ ಆ ನೀರು ಕ್ಷಣದಲ್ಲಿ ಹಬೆಯಾಗಿ, ಹೊರಹೋಗಲು ದಾರಿಯಿಲ್ಲದೆ ಬಾಂಬಿನಂತೆ ಸಿಡಿಯುತ್ತದೆ. ಕರಗಿದ ಸತು ಹತ್ತಿರ ನಿಂತವನ ಮೈಮೇಲೆ ಬೀಳುತ್ತದೆ. ಎಲ್ಲ ಕೇಳಿಕೊಂಡು, ಯೋಚಿಸಿ ಹೇಳುತ್ತೇನೆಂದು ಅವರು ಹೋದರು. ವಾರ ಕಳೆದು ಫೋನಿನಲ್ಲಿ ಒಪ್ಪಿಗೆ ಬಂತು. ನನ್ನೆದುರಿಗೇ ಪಟ್ಟಿಯ ಎರಡು ತುದಿಗಳಲ್ಲಿ ತೂತು ಕೊರೆಸಿ, ಫೋಟೋ ತೆಗೆದು ಅಬುಧಾಬಿಯ ಮುಸಫ್ಫಾದಲ್ಲಿದ್ದ ಕಾರ್ಖಾನೆಗೆ ಕಳಿಸಿದೆ. ಆಮೇಲೆ ಚಾಸಿ ಅಲ್ಲಿಗೆ ತಲುಪಿದಾಗ ಅವರು ಆ ಫೋಟೋ ನಂಬಿಯೇ ಅದನ್ನು ಒಳಗೆ ಸೇರಿಸಿದರು.

ಮುಳುಗಿಸುವ ದಿನ ಇಸ್ಮಾಯಿಲಾಕನೂ ನನ್ನ ಜೊತೆ ಬಂದರು. ಮಾತುಗಾರ ಮನುಷ್ಯ, ಅಂದು ದಾರಿಯುದ್ದಕ್ಕೂ ಕಿಟಕಿಯಾಚೆಗೇ ನೋಡುತ್ತ ಕೂತಿದ್ದರು. ಕೇಳಿದರೆ ತಲೆನೋವು ಎಂದರು. ಕಾರ್ಖಾನೆಯಲ್ಲಿ ಅವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ನಾನು ಹೆಲ್ಮೆಟ್ ಹಾಕಿಕೊಂಡು ಒಳಗೆ ಹೋದೆ. ತೊಟ್ಟಿಯ ಬಳಿ ನಿಂತು ಕ್ರೇನ್ ಆಡಿಸುತ್ತಿದ್ದವನು ಮೂಲ್ಕಿಯ ಸದಾನಂದ. ಬಿಸಿಗೆ ಅವನ ಮುಖ ಕೆಂಪೇರಿತ್ತು. ತೊಟ್ಟಿಯ ಸತು ಅಲುಗಾಡದೆ, ಕನ್ನಡಿಯಂತೆ ಬೆಳ್ಳಗೆ ಮಲಗಿತ್ತು. ಅದನ್ನು ನೋಡುವಾಗಲೆಲ್ಲ ನನಗೆ ಭಯವಾಗುತ್ತಿತ್ತು, ಅಂದು ಯಾಕೋ ಹೆಚ್ಚೇ ಆಯಿತು.

ಕೊನೆಯ ನೀರಿನ ತೊಟ್ಟಿಯಿಂದ ಚಾಸಿ ಮೇಲೆದ್ದು ತೂಗಾಡುತ್ತ ಬಂತು. ಚಾಸಿಯ ಉಳಿದ ಪೊಳ್ಳುಗಳಿಗೆ ನಾವು ಕೊರೆದಿದ್ದ ಪ್ರತಿ ತೂತಿನಿಂದಲೂ ನೀರು ಧಾರೆಯಾಗಿ ಇಳಿಯುತ್ತಿತ್ತು. ಎಡಗಡೆಯ ಪಟ್ಟಿಯನ್ನು ನೋಡಿದೆ. ಧಾರೆ ಇರಲಿಲ್ಲ, ತೂತೇ ಇರಲಿಲ್ಲ. ಬೆಸುಗೆಯ ಅಂಚಿನಿಂದ ಮಾತ್ರ ಕಂದು ಬಣ್ಣದ ಹನಿಯೊಂದು ಮೆಲ್ಲಗೆ ಜಿನುಗುತ್ತಿತ್ತು. ಚಾಸಿ ಆಗಲೇ ಸತುವಿನ ನೇರಕ್ಕೆ ಬಂದು ಇಳಿಯತೊಡಗಿತ್ತು, ಸದಾನಂದ ಅದರಿಂದ ನಾಲ್ಕು ಹೆಜ್ಜೆ ಆಚೆಗಿದ್ದ.

"ನಿಲ್ಲಿಸು! ಸದಾ, ನಿಲ್ಲಿಸು!" ನನ್ನ ಗಂಟಲು ಹರಿಯುವ ಹಾಗೆ ಕೂಗಿದೆ.

ಕ್ರೇನ್ ಜಗ್ಗಿ ನಿಂತಿತು. "ಎಂತ ಮಾರಾಯ್ರೆ, ಇಡೀ ಲೈನ್ ನಿಲ್ಲಿಸ್ಲಿಕ್ಕೆ?" ಎಂದು ಸದಾನಂದ ರೇಗಿದ. ಪಟ್ಟಿಯ ಕಡೆ ಬೆರಳು ತೋರಿಸಿದೆ. ಅವನು ನೋಡಿದ, ಕೂಡಲೇ ಕ್ರೇನನ್ನು ಹಿಂದಕ್ಕೆ ತಿರುಗಿಸಿದ. ಚಾಸಿಯನ್ನು ಅಂಗಳಕ್ಕೆ ತಂದು ಇಳಿಸಿದೆವು. ಡ್ರಿಲ್ ಹಾಕಿದ್ದೇ ತಡ, ಒಳಗಿಂದ ಒಂದು ಲೋಟದಷ್ಟು ತುಕ್ಕುನೀರು ಸುರಿಯಿತು. ಒಬ್ಬ ಮನುಷ್ಯನನ್ನು ಸುಟ್ಟುಹಾಕಲು ಅಷ್ಟು ನೀರೇ ಸಾಕಿತ್ತು.

ಇಸ್ಮಾಯಿಲಾಕ ಹೊರಗೆ ಬಂದು ನಿಂತಿದ್ದರು. ನಾನು ಕೇಳುವ ಮೊದಲೇ ಹೇಳಿದರು. ಚಾಸಿ ಸಾಗಿಸುವ ಮುನ್ನಾ ದಿನ ನಾನಿಲ್ಲದ ಹೊತ್ತಿಗೆ ಗ್ಯಾರೇಜಿಗೆ ಬಂದು, ನಮ್ಮ ವೆಲ್ಡರನಿಗೆ ನಾನೇ ಹೇಳಿದ್ದೇನೆಂದು ನಂಬಿಸಿ, ಎರಡೂ ತೂತು ತುಂಬಿಸಿ ಉಜ್ಜಿಸಿಬಿಟ್ಟಿದ್ದರು.

"ಬಾಪನ ಕೆಲಸಕ್ಕೆ ಗಾಯ ಮಾಡಿದ ಹಾಗೆ ಕಾಣ್ತಿತ್ತು. ನೀವು ಸಿಡೀತದೆ ಅಂದದ್ದನ್ನು, ಹೆದರಿಸ್ಲಿಕ್ಕೆ ಹೇಳಿದ್ದು ಅಂತ ನೆನೆಸಿದೆ. ಮುಳುಗಿಸುವುದೆಲ್ಲ ಮೆಷಿನ್ ಅಲ್ವಾ, ಹತ್ತಿರ ಜನ ಇರ್ತಾರೆ ಅಂತ ಗೊತ್ತಿರ್ಲಿಲ್ಲ."

ನನಗೆ ಮೈಯೆಲ್ಲ ಉರಿದುಹೋಯಿತು. "ಜನ ಇರ್ತಾರೆ ಅಂತ ನಾನು ಹೇಳ್ಲಿಲ್ವಾ? ಈಗ ನನಗೆ ಹೇಳ್ಬೇಡಿ, ಆ ಮನುಷ್ಯನ ಮುಖ ನೋಡಿ ಹೇಳಿ!" ಎಂದೆ. ಹಿರಿಯರ ಮೇಲೆ ಹಾಗೆ ಕೂಗಿದ್ದು ಅದೊಂದೇ ಸಲ, ಅದಕ್ಕೆ ನನಗೆ ಬೇಸರವಿಲ್ಲ.

ಅವರು ಹೇಳಿದರು. ಸದಾನಂದ ಹೆಲ್ಮೆಟ್ ತೆಗೆದು ಕಟ್ಟೆಯ ಮೇಲೆ ಕೂತ. ಪಕ್ಕದಲ್ಲಿದ್ದ ನೀರಿನ ಬಾಟಲಿಗೆ ಕೈ ಚಾಚಿದ. ಇಸ್ಮಾಯಿಲಾಕ ಅದನ್ನು ತೆಗೆದುಕೊಂಡು ಮುಚ್ಚಳ ಬಿಚ್ಚಿ ಕೊಟ್ಟರು. ನೀರು ಕುಡಿದು ಸದಾನಂದ ಕೇಳಿದ.

"ನಿಮ್ಮ ಬಾಪ ವೆಲ್ಡರ್ ಅಲ್ವಾ ಸಾಯ್ಬ್ರೆ? ಅವರು ಇಲ್ಲಿ ನನ್ನ ಹತ್ತಿರ ನಿಂತಿದ್ರೆ, ತೂತು ಅವರೇ ಕೊರೀತಿದ್ರು."

ಇಸ್ಮಾಯಿಲಾಕ ಅಲ್ಲೇ ನೆಲದ ಮೇಲೆ ಕೂತು ಅತ್ತರು. ಪಟ್ಟಿಯನ್ನು ಕತ್ತರಿಸಿ ತೆಗೆಯಲು ಅವರೇ ಹೇಳಿದರು. ತೆಗೆದು ನೋಡಿದರೆ ಅದರಡಿಯ ಕಬ್ಬಿಣ ಹಪ್ಪಳದಂತಾಗಿತ್ತು. ಎಂದಾದರೊಂದು ದಿನ, ಯಾವುದಾದರೊಂದು ರಸ್ತೆಯಲ್ಲಿ ಅದು ಮುರಿಯುವುದಿತ್ತು. ಸತು ಬೇಡವೆಂದು ಇಸ್ಮಾಯಿಲಾಕನೇ ಹೇಳಿದ್ದರಿಂದ, ಹೊಸ ಉಕ್ಕು ಹಾಕಿ ಕೊನೆಗೆ ಬೂದು ಬಣ್ಣದ ಎಪಾಕ್ಸಿಯನ್ನೇ ಬಳಿದೆವು.

ಲೇಪ ಎಷ್ಟು ವರ್ಷ ಬಾಳುತ್ತದೆ ಎಂದು ಗಿರಾಕಿಗಳೆಲ್ಲ ಕೇಳುತ್ತಾರೆ. ಕೇಳಲಿ, ಅದು ಅವರ ಹಕ್ಕು. ಅಂದಿನಿಂದ ನಾನು ಉತ್ತರ ಹೇಳುವ ಮೊದಲು ಅವರನ್ನು ಕಾರ್ಖಾನೆಗೆ ಕರೆದುಕೊಂಡು ಹೋಗಿ, ತೊಟ್ಟಿಯ ಪಕ್ಕದಲ್ಲಿ ನಿಲ್ಲುವವನ ಹೆಸರು ಹೇಳಿ ಪರಿಚಯ ಮಾಡಿಸುತ್ತೇನೆ.